ಮಂಗಳೂರು, ಉಡುಪಿಯ ಸಣ್ಣ ವ್ಯಾಪಾರಕ್ಕೆ ಮೊಬೈಲಿನಿಂದ ಗಿರಾಕಿ: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಸಣ್ಣ ವ್ಯಾಪಾರಿಗಳು ಸೋಶಿಯಲ್ ಮೀಡಿಯಾಕ್ಕೆ ಇಳಿಯುವಾಗ ಹೆಚ್ಚಾಗಿ ಮೊದಲು ತೆರೆಯುವುದು ಇನ್‌ಸ್ಟಾಗ್ರಾಂ ಪೇಜು. ನಾಲ್ಕು ರೀಲ್ ಹಾಕುತ್ತಾರೆ, ನೆಂಟರಿಷ್ಟರು ಲೈಕ್ ಒತ್ತುತ್ತಾರೆ, ಫಾಲೋವರ್ಸ್ ಐನೂರು ದಾಟುತ್ತಾರೆ, ಮಾರಾಟ ಮಾತ್ರ ಇದ್ದಲ್ಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ಪೇಜು ತಣ್ಣಗಾಗುತ್ತದೆ. ಇಲ್ಲಿ ರೀಲಿನ ದೋಷ ಕಡಿಮೆ, ಕೆಲಸದ ಅನುಕ್ರಮದ ದೋಷ ಹೆಚ್ಚು. ರೀಲ್ ನೋಡಿ ಆಸೆಪಟ್ಟವರು ಗೂಗಲ್ ಮ್ಯಾಪಿನಲ್ಲಿ ಹುಡುಕಿದರೆ ಅಂಗಡಿಯೇ ಸಿಗುವುದಿಲ್ಲ. ಬೆಲೆ ಕೇಳಿ ಮೆಸೇಜು ಹಾಕಿದರೆ ಉತ್ತರ ಬರುವುದು ಮರುದಿನ, ಅಷ್ಟರಲ್ಲಿ ಅವರು ಬೇರೆ ಕಡೆ ಕೊಂಡು ಆಗಿರುತ್ತದೆ.

ಆದ್ದರಿಂದ ಕೆಲಸವನ್ನು ತಿರುವುಮುರುವು ಮಾಡಬೇಕು. ಗಿರಾಕಿ ಹುಡುಕಿದಾಗ ಸಿಗುವ ವ್ಯವಸ್ಥೆ ಮೊದಲು, ಕೇಳಿದ್ದಕ್ಕೆ ಕೂಡಲೇ ಉತ್ತರ ಕೊಡುವ ವ್ಯವಸ್ಥೆ ಎರಡನೆಯದು, ಹೊಸಬರ ಕಣ್ಣಿಗೆ ಬೀಳುವ ಕೆಲಸ ಮೂರನೆಯದು, ದುಡ್ಡು ಕೊಟ್ಟು ಜಾಹೀರಾತು ಎಲ್ಲಕ್ಕಿಂತ ಕೊನೆಗೆ. ವಿಷಯ ಸ್ಪಷ್ಟವಾಗಲಿ ಎಂದು ಹೆಚ್ಚಿನ ಕಡೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಕಟಪಾಡಿ ಆಸುಪಾಸಿನಲ್ಲಿ ಮನೆಯಲ್ಲೇ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಒಂದು ಮನೆ. ಟೈಲರಿಂಗ್, ಬೇಕರಿ, ಸೀರೆ, ಗ್ಯಾರೇಜು ಯಾವುದೇ ಇರಲಿ, ಹೆಜ್ಜೆಗಳು ಬಹುತೇಕ ಇವೇ.

ಖಾತೆ ತೆರೆಯುವ ಮುಂಚೆ

ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ಮೊದಲಿಗೆ ಮುಂದಿಟ್ಟು ಮಾರುವ ಮೂರು ವಸ್ತು ಯಾವುವು. ಇಪ್ಪತ್ತು ಬಗೆ ಮಾಡುತ್ತಿದ್ದರೂ ಜನರ ನೆನಪಿನಲ್ಲಿ ಉಳಿಯುವುದು ಎರಡು ಮೂರೇ. ಆಮೇಲೆ ಎಲ್ಲಿಯವರೆಗೆ ತಲುಪಿಸಬಲ್ಲಿರಿ. ಉಡುಪಿಯಿಂದ ಮಣಿಪಾಲಕ್ಕೆ ಸ್ಕೂಟರಿನಲ್ಲಿ ಹೋಗಿ ಕೊಡಬಹುದು, ಮಂಗಳೂರು ಸುಮಾರು 60 ಕಿ.ಮೀ., ಅಲ್ಲಿಗೆ ಬಸ್ಸಿನಲ್ಲಿ ಪಾರ್ಸೆಲ್ ಅಥವಾ ಕೊರಿಯರ್ ಬೇಕು. ಮೂರನೆಯದು ಪ್ಯಾಕಿಂಗ್, ಸಾಗಾಟ ಸೇರಿಸಿದ ಬೆಲೆ. ನಾಲ್ಕನೆಯದು ದಿನಕ್ಕೆ ಹೆಚ್ಚೆಂದರೆ ಎಷ್ಟು ಆರ್ಡರ್ ಮುಗಿಸಬಲ್ಲಿರಿ. ಈ ನಾಲ್ಕನೆಯದನ್ನು ಬರೆಯದವರು ಒಂದು ರೀಲ್ ಓಡಿದ ವಾರವೇ ಹೆಸರು ಕೆಡಿಸಿಕೊಳ್ಳುತ್ತಾರೆ. ಹತ್ತು ಆರ್ಡರ್ ಮುಗಿಸುವ ಕೈಗೆ ನೂರು ಬಂದರೆ ಎಲ್ಲರಿಗೂ ತಡವಾಗುತ್ತದೆ, ತಡವಾದವರು ರಿವ್ಯೂ ಬರೆಯುತ್ತಾರೆ.

ತಿಂಡಿ ತಿನಿಸು ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ ಬೇಕು, ಮನೆಯಲ್ಲಿ ಮಾಡಿ ಮಾರಿದರೂ ಬೇಕು. ಅಲ್ಲಿ ಸಿಗುವ 14 ಅಂಕಿಗಳ ಸಂಖ್ಯೆ ಲೇಬಲ್ ಮೇಲೂ ಇರಲಿ, ವಾಟ್ಸ್‌ಆ್ಯಪ್ ಕ್ಯಾಟಲಾಗಿನ ವಿವರದಲ್ಲೂ ಇರಲಿ. ಗೊತ್ತಿಲ್ಲದವರ ಮನೆಯ ಉಪ್ಪಿನಕಾಯಿ ಕೊಳ್ಳಲು ಹಿಂಜರಿಯುವವರಿಗೆ ಅದು ಧೈರ್ಯ ಕೊಡುತ್ತದೆ.

ಇನ್ನು ಖಾತೆ ಯಾರ ಹೆಸರಿನಲ್ಲಿ ಎಂಬುದು. ಅಕ್ಕನ ಮಗನೋ, ಪರಿಚಯದ ಹುಡುಗನೋ ತನ್ನ ಮೊಬೈಲಿನಲ್ಲಿ ತನ್ನ ಇಮೇಲ್ ಹಾಕಿ ಪೇಜು ಮಾಡಿಕೊಡುತ್ತಾನೆ. ಎರಡು ವರ್ಷ ಕಳೆದು ಅವನು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಒಟಿಪಿ ಹೋಗುವುದು ಬಂದ್ ಆದ ನಂಬರಿಗೆ. ಹಾಗಾಗಿ ವ್ಯಾಪಾರಕ್ಕೆಂದೇ ನಿಮ್ಮ ಹೆಸರಿನ ಒಂದು ಸಿಮ್, ಒಂದು ಹೊಸ ಜಿಮೇಲ್ ಮಾಡಿ, ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲವನ್ನೂ ಅದರಿಂದಲೇ ತೆರೆಯಿರಿ. ಸಹಾಯ ಮಾಡುವವರಿಗೆ ಪೇಜಿನ ಒಳಗೆ ಬೇರೆ ಪ್ರವೇಶ ಕೊಡಲು ಅವಕಾಶವಿದೆ, ಪೂರ್ಣ ಅಧಿಕಾರ ನಿಮ್ಮ ಕೈಯಲ್ಲೇ ಇರಲಿ. ಸಿಮ್‌ಗೆ ರೀಚಾರ್ಜ್ ತಪ್ಪಿಸಬೇಡಿ, ಬಹಳ ದಿನ ಬಳಸದ ನಂಬರು ಬೇರೆಯವರ ಪಾಲಾಗುತ್ತದೆ.

ಗೂಗಲ್ ಬಿಸಿನೆಸ್ ಪ್ರೊಫೈಲ್

"ನಿಯರ್ ಮಿ ಟೈಲರ್" ಎಂದು ದೇರಳಕಟ್ಟೆಯ ಹಾಸ್ಟೆಲಿನಿಂದ ಹುಡುಕುವ ವಿದ್ಯಾರ್ಥಿನಿಗೆ, ಮಣಿಪಾಲಕ್ಕೆ ರೋಗಿಯನ್ನು ಕರೆತಂದು ಊಟ ಹುಡುಕುವವರಿಗೆ, ಕೃಷ್ಣಮಠಕ್ಕೆ ಬಂದು ರಥಬೀದಿಯಲ್ಲಿ ನಿಂತು ಅಂಗಡಿ ಹುಡುಕುವ ಯಾತ್ರಿಕರಿಗೆ ನಿಮ್ಮ ಇನ್‌ಸ್ಟಾಗ್ರಾಂ ಗೊತ್ತಿಲ್ಲ. ಅವರು ನೋಡುವುದು ಗೂಗಲ್ ಮ್ಯಾಪ್. ಹುಡುಕುವ ಹೊತ್ತಿಗೇ ಕೊಳ್ಳುವ ಮನಸ್ಸೂ ಇರುವ ಗಿರಾಕಿ ಇವರು. ಆ ಮ್ಯಾಪಿನಲ್ಲಿ ನಿಮ್ಮ ಅಂಗಡಿ ಕಾಣುವಂತೆ ಮಾಡುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. "ಮಾಡಿಸಿಕೊಡುತ್ತೇವೆ, ಇಷ್ಟು ಸಾವಿರ" ಎಂದು ಗೂಗಲ್ ಹೆಸರು ಹೇಳಿ ಫೋನು ಮಾಡುವವರನ್ನು ನಂಬಬೇಡಿ.

ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿ ಇರುವ ಹೆಸರು ಮಾತ್ರ ಬರೆಯಿರಿ. "ಮಂಗಳೂರಿನ ಬೆಸ್ಟ್ ಕೇಕ್ ಶಾಪ್ ಕದ್ರಿ ಕಂಕನಾಡಿ" ಎಂದೆಲ್ಲ ಸೇರಿಸಿದರೆ ನಿಯಮ ಮೀರಿದಂತಾಗಿ ಪ್ರೊಫೈಲೇ ಅಮಾನತಾಗಬಹುದು. ಮುಖ್ಯ ವರ್ಗ ಒಂದು, ಜೊತೆಗೆ ಒಂಬತ್ತರ ತನಕ ಉಪವರ್ಗ ಸೇರಿಸಬಹುದು. ಮುಖ್ಯ ವರ್ಗ ಆದಷ್ಟು ನಿಖರವಾಗಿರಲಿ. ಬರೀ "ಅಂಗಡಿ" ಎಂದು ಹಾಕಿದರೆ ಯಾರ ಹುಡುಕಾಟದಲ್ಲೂ ಮೇಲೆ ಬರುವುದಿಲ್ಲ.

ಮನೆಯಿಂದ ವ್ಯಾಪಾರ ಮಾಡುವವರು, ಗಿರಾಕಿಗಳು ಮನೆಗೆ ಬರುವ ಪದ್ಧತಿ ಇಲ್ಲದಿದ್ದರೆ, ವಿಳಾಸ ಮುಚ್ಚಿಟ್ಟು ಸೇವಾ ಪ್ರದೇಶ ಮಾತ್ರ ತೋರಿಸಬಹುದು. 20 ಪ್ರದೇಶಗಳ ತನಕ ಹಾಕಲು ಅವಕಾಶವಿದೆ. ಕಟಪಾಡಿಯವರು ಉಡುಪಿ, ಮಣಿಪಾಲ, ಕಾಪು, ಮಲ್ಪೆ, ಶಿರ್ವ, ಬ್ರಹ್ಮಾವರ ಹಾಕಿದರೆ ಸಾಕು. ಹೋಗಿ ಕೊಡಲಾಗದ ಊರು ಸೇರಿಸಬೇಡಿ.

ದೃಢೀಕರಣಕ್ಕೆ ಈಗ ಬಹಳ ಮಂದಿಗೆ ವಿಡಿಯೊ ಕೇಳುತ್ತದೆ. ಅಲ್ಲಿ ಎಡವುವವರು ಬಹಳ. ಕತ್ತರಿಸದೆ, ಒಂದೇ ಓಟದಲ್ಲಿ, ಕನಿಷ್ಠ 30 ಸೆಕೆಂಡು ತೆಗೆಯಬೇಕು. ರಸ್ತೆಯಿಂದ ಶುರು ಮಾಡಿ ಅಕ್ಕಪಕ್ಕದ ಅಂಗಡಿ ಅಥವಾ ಊರಿನ ಹೆಸರಿನ ಫಲಕ ತೋರಿಸಿ, ಆಮೇಲೆ ನಿಮ್ಮ ಬೋರ್ಡು, ಆಮೇಲೆ ಬೀಗ ತೆಗೆದು ಅಥವಾ ಶಟರ್ ಎತ್ತಿ ಒಳಗೆ ಹೋಗಿ, ಕೊನೆಗೆ ಕೆಲಸದ ಸಾಮಾನು, ಲೇಬಲ್, ಬಿಲ್ ಪುಸ್ತಕ. ಒಳಗೆ ಹೋಗುವ ಅಧಿಕಾರ ನಿಮಗಿದೆ ಎಂದು ಕಾಣಬೇಕು, ಬರೀ ಹೊರಗಿನಿಂದ ತೆಗೆದ ವಿಡಿಯೊ ತಿರಸ್ಕೃತವಾಗುತ್ತದೆ. ಮುಖ ತೋರಿಸಬೇಕಾಗಿಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತೋರಿಸಲೇಬೇಡಿ.

ದೃಢೀಕರಣ ಆದ ದಿನವೇ ಹತ್ತು ಫೋಟೊ ಹಾಕಿ. ಎರಡು ಅಂಗಡಿಯ ಎದುರಿನದ್ದು, ಅದರಲ್ಲಿ ಒಂದು ರಸ್ತೆಯ ಆಚೆಯಿಂದ ತೆಗೆದದ್ದಾಗಿರಲಿ, ಬರುವವರಿಗೆ ಗುರುತು ಹಿಡಿಯಲು ಬೇಕಾಗುವುದು ಅದೇ. ಉಳಿದವು ಸಾಮಾನಿನವು. ಹಬ್ಬದ ದಿನಗಳಿಗೆ ವಿಶೇಷ ಸಮಯ ಹಾಕುವ ಜಾಗ ಬೇರೆಯೇ ಇದೆ, ಅದನ್ನು ತುಂಬಿ. ಚೌತಿಯ ದಿನ "ತೆರೆದಿದೆ" ಎಂದು ನೋಡಿ ಸುರತ್ಕಲ್ಲಿನಿಂದ ಹಂಪನಕಟ್ಟೆಗೆ ಬಂದು ಮುಚ್ಚಿದ ಬಾಗಿಲು ಕಂಡವರು ಮತ್ತೆ ಬರುವುದು ಕಷ್ಟ.

ರಿವ್ಯೂ ಕೇಳಲು ನಾಚಿಕೆ ಬೇಡ. ಪ್ರೊಫೈಲಿನಲ್ಲೇ ರಿವ್ಯೂ ಲಿಂಕ್, ಕ್ಯೂಆರ್ ಕೋಡ್ ಸಿಗುತ್ತದೆ. ಗಿರಾಕಿ "ಒಳ್ಳೆದಿತ್ತು" ಎಂದು ಮೆಸೇಜು ಹಾಕಿದ ಆ ಗಳಿಗೆಯಲ್ಲೇ ಲಿಂಕ್ ಕಳಿಸಿ, ಒಂದು ವಾರ ಬಿಟ್ಟರೆ ಯಾರೂ ಬರೆಯುವುದಿಲ್ಲ. ರಿವ್ಯೂ ಬರೆದರೆ ಡಿಸ್ಕೌಂಟ್ ಎಂದು ಮಾತ್ರ ಹೇಳಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಮನೆಯವರೆಲ್ಲ ಒಂದೇ ದಿನ ಐದು ಸ್ಟಾರ್ ಒತ್ತುವುದೂ ಬೇಡ. ಕೆಟ್ಟ ರಿವ್ಯೂ ಬಂದರೆ ಒಂದು ದಿನದೊಳಗೆ ಮೂರು ಸಾಲು: ಆದದ್ದಕ್ಕೆ ಕ್ಷಮೆ, ಏನು ಸರಿಪಡಿಸಿದಿರಿ, ಸಂಪರ್ಕಿಸಲು ನಂಬರು. ಆ ಉತ್ತರ ಬರೆಯುವುದು ದೂರಿದವರಿಗಿಂತ ಹೆಚ್ಚಾಗಿ ಮುಂದೆ ಓದುವ ನೂರು ಜನರಿಗೆ.

ವಾಟ್ಸ್‌ಆ್ಯಪ್ ಬಿಸಿನೆಸ್

ವ್ಯಾಪಾರ ಕುದುರುವುದು ಇಲ್ಲೇ. ಹೆಚ್ಚಿನ ಸಮಯ ಇದಕ್ಕೆ ಕೊಡಿ. ಆ್ಯಪ್ ಉಚಿತ, ಸಾಮಾನ್ಯ ವಾಟ್ಸ್‌ಆ್ಯಪ್‌ನಲ್ಲಿರುವ ನಂಬರನ್ನು ಹಳೆಯ ಮಾತುಕತೆಗಳ ಸಮೇತ ಇದಕ್ಕೆ ಬದಲಾಯಿಸಿಕೊಳ್ಳಬಹುದು. ಅಂಗಡಿಯ ಲ್ಯಾಂಡ್‌ಲೈನ್ ನಂಬರೂ ಆಗುತ್ತದೆ, ಒಟಿಪಿಯನ್ನು ಎಸ್‌ಎಂಎಸ್ ಬದಲು ಕರೆಯ ಮೂಲಕ ಪಡೆದು ದೃಢೀಕರಿಸಬೇಕು ಅಷ್ಟೆ.

ಕ್ಯಾಟಲಾಗಿನಲ್ಲಿ 500 ವಸ್ತುಗಳ ತನಕ ಹಾಕಬಹುದು, ಸಣ್ಣ ವ್ಯಾಪಾರಕ್ಕೆ ಹತ್ತು ಹದಿನೈದು ಸಾಕು. ಪ್ರತಿ ವಸ್ತುವಿಗೆ ಎರಡು ಮೂರು ಫೋಟೊ, ತೂಕ, ಬೆಲೆ, ಎಷ್ಟು ದಿನ ಇಡಬಹುದು, ಏನೇನು ಹಾಕಿದೆ. "ಬೆಲೆಗೆ ಇನ್‌ಬಾಕ್ಸ್ ಮಾಡಿ" ಎಂಬ ಪದ್ಧತಿಯನ್ನು ದಯವಿಟ್ಟು ಬಿಡಿ. ಬೆಲೆ ಕಾಣದಿದ್ದರೆ ಹೆಚ್ಚಿನವರು ದುಬಾರಿ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ, ಕೇಳಲು ಸಂಕೋಚಪಡುವವರು ನಮ್ಮಲ್ಲಿ ಬಹಳ.

ಮೊದಲ ಸಲ ಮೆಸೇಜು ಹಾಕಿದವರಿಗೆ, ಅಥವಾ 14 ದಿನ ಮಾತುಕತೆ ಇಲ್ಲದವರು ಮತ್ತೆ ಬಂದಾಗ, ತಾನಾಗಿ ಹೋಗುವ ಸ್ವಾಗತ ಸಂದೇಶ ಇಡಬಹುದು. ರಾತ್ರಿ ಹೊತ್ತಿಗೆ ಬೇರೆ ಸಂದೇಶ. ಎರಡರಲ್ಲೂ ಯಾವಾಗ ಉತ್ತರ ಸಿಗುತ್ತದೆ ಎಂದು ಗಂಟೆ ಹೇಳಿ: "ನಮಸ್ಕಾರ. ಬೆಲೆ ಪಟ್ಟಿ ಕ್ಯಾಟಲಾಗಿನಲ್ಲಿ ಉಂಟು. ಬೆಳಿಗ್ಗೆ 9ರಿಂದ ಸಂಜೆ 7ರ ಒಳಗೆ ಕೇಳಿದ್ದಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಕೊಡುತ್ತೇವೆ." ಹೇಳಿದ ಗಂಟೆ ಮೀರಬೇಡಿ.

ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಮಾಡಿಟ್ಟುಕೊಳ್ಳಿ. ಓರೆಗೆರೆ (/) ಒತ್ತಿ ಒಂದು ಚಿಕ್ಕ ಪದ ಬರೆದರೆ ಪೂರ್ತಿ ಉತ್ತರ ಬರುತ್ತದೆ, 50ರ ತನಕ ಇಡಬಹುದು. ಬೆಲೆ, ಕೊರಿಯರ್, ಹಣ ಪಾವತಿ, ಬರುವ ದಾರಿ, ಸ್ಟಾಕ್ ಮುಗಿದಿದೆ, ಈ ಐದು ಮೊದಲು. ಉತ್ತರ ಬರೆಯುವಾಗ ಗಮನಿಸಬೇಕಾದದ್ದು ಒಂದಿದೆ. ಯಾರೋ ಕೇಳುತ್ತಾರೆ:

"ಅಕ್ಕ, ಹಲಸಿನ ಹಪ್ಪಳ ಉಂಟಾ? ಎಷ್ಟಾಗ್ತದೆ?"

ಇದಕ್ಕೆ "ಉಂಟು, 250" ಎಂದರೆ ಮಾತು ಅಲ್ಲೇ ನಿಲ್ಲುತ್ತದೆ. ಹೀಗೆ ಬರೆಯಿರಿ: "ಉಂಟು ಅಕ್ಕ. 50 ಹಪ್ಪಳದ ಕಟ್ಟಿಗೆ 250 ರೂಪಾಯಿ, ಈ ಬೇಸಗೆಯದ್ದು, ಖಾರ ಹದ. ಉಡುಪಿ, ಮಣಿಪಾಲದ ಒಳಗೆ ಗುರುವಾರ ಮತ್ತು ಭಾನುವಾರ ಮನೆಗೆ ತಂದು ಕೊಡ್ತೇವೆ. ನಿಮಗೆ ಎಲ್ಲಿಗೆ ಬೇಕಿತ್ತು, ಎಷ್ಟು ಕಟ್ಟು?" ಬೆಲೆ, ಪ್ರಮಾಣ, ತಲುಪುವ ದಿನ ಮೂರೂ ಒಂದೇ ಸಲ ಗೊತ್ತಾಯಿತು, ಕೊನೆಯ ಪ್ರಶ್ನೆಗೆ ಗಿರಾಕಿ ಉತ್ತರಿಸಿದರೆ ಆರ್ಡರ್ ಅರ್ಧ ಆದಂತೆ. ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲೇ, ಕೊಂಕಣಿಯಲ್ಲಿ ಕೇಳಿದವರಿಗೆ ಬಂದರೆ ಕೊಂಕಣಿಯಲ್ಲೇ ಉತ್ತರಿಸಿ. ಟೈಪು ಮಾಡಲು ಕಷ್ಟವಾದರೆ ಹದಿನೈದು ಸೆಕೆಂಡಿನ ವಾಯ್ಸ್ ಕಳಿಸಿ, ಆದರೆ ಬೆಲೆಯನ್ನು ಅಕ್ಷರದಲ್ಲೂ ಬರೆಯಿರಿ, ಆಮೇಲೆ ತಕರಾರು ಇರುವುದಿಲ್ಲ.

ವಾಟ್ಸ್‌ಆ್ಯಪ್‌ನ ಪ್ರತಿ ಮಾತುಕತೆಗೂ ಬಣ್ಣದ ಲೇಬಲ್ ಹಚ್ಚಿ: ಕೇಳಿದವರು, ಹಣ ಬಾಕಿ, ಕಳಿಸಬೇಕು, ಕಳಿಸಿ ಆಯಿತು, ಖಾಯಂ ಗಿರಾಕಿ. ಪ್ರತಿ ಸಂಜೆ "ಕೇಳಿದವರು" ಎಂಬ ಲೇಬಲ್ ತೆರೆದು, ಎರಡು ದಿನದ ಹಿಂದೆ ಕೇಳಿ ಸುಮ್ಮನಾದವರಿಗೆ ಒಂದೇ ಒಂದು ಸಲ ನೆನಪಿಸಿ. ಎರಡನೆಯ ಸಲ ಬೇಡ.

ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ತಲುಪುತ್ತದೆ. "ಬ್ರಾಡ್‌ಕಾಸ್ಟ್ ಮಾಡಿದೆ, ಯಾರೂ ಉತ್ತರಿಸಲಿಲ್ಲ" ಎಂಬುದಕ್ಕೆ ಹೆಚ್ಚಿನ ಸಲ ಕಾರಣ ಇದೇ. ಆದ್ದರಿಂದ ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ: "ಹೊಸ ಹಪ್ಪಳ ಬಂದಾಗ ತಿಳಿಯಲು ಈ ನಂಬರು ಸೇವ್ ಮಾಡಿ ಒಂದು ಮೆಸೇಜು ಹಾಕಿ." ವಾರಕ್ಕೆ ಒಂದಕ್ಕಿಂತ ಹೆಚ್ಚು ಬ್ರಾಡ್‌ಕಾಸ್ಟ್ ಬೇಡ, ದಿನವೂ "ಶುಭೋದಯ" ಚಿತ್ರ ಖಂಡಿತ ಬೇಡ. ಎಲ್ಲಿಂದಲೋ ಕೊಂಡ ಸಾವಿರಾರು ನಂಬರುಗಳಿಗೆ ಕಳಿಸುವ ಬಲ್ಕ್ ಸಾಫ್ಟ್‌ವೇರ್ ಹಾಕಿಕೊಂಡರೆ ಜನ ರಿಪೋರ್ಟ್ ಮಾಡುತ್ತಾರೆ, ನಂಬರು ಬ್ಯಾನ್ ಆಗುತ್ತದೆ, ಇಷ್ಟು ವರ್ಷ ಕೂಡಿಟ್ಟ ಗಿರಾಕಿಗಳ ಸಂಪರ್ಕ ಒಂದೇ ದಿನದಲ್ಲಿ ಹೋಗುತ್ತದೆ.

ದಿನನಿತ್ಯದ ಸುದ್ದಿಗೆ ಸ್ಟೇಟಸ್ ಸಾಕು. ಯಾರ ಫೋನನ್ನೂ ಸದ್ದು ಮಾಡಿಸದೆ 24 ಗಂಟೆ ಇರುತ್ತದೆ. ಬೆಳಿಗ್ಗೆ ಒಂದು, "ಇವತ್ತು ಇಷ್ಟು ಕಟ್ಟು ಸಿದ್ಧ" ಎಂದು, ಸಂಜೆ ಒಂದು, "ಇಷ್ಟು ಉಳಿದಿದೆ" ಎಂದು. ಸುಳ್ಳು ಲೆಕ್ಕ ಬೇಡ, ನಮ್ಮದು ಸಣ್ಣ ಊರು.

ಫೋಟೊ, ವಿಡಿಯೊ, ಇನ್‌ಸ್ಟಾಗ್ರಾಂ

ಇನ್‌ಸ್ಟಾಗ್ರಾಂ ಖಾತೆಯನ್ನು ಬಿಸಿನೆಸ್ ಖಾತೆಯಾಗಿ ಬದಲಿಸಿದರೆ ಎಷ್ಟು ಜನ, ಯಾವ ಊರಿನವರು ನೋಡಿದರು ಎಂಬ ವಿವರ ಸಿಗುತ್ತದೆ. ಒಂದು ತೊಂದರೆಯೂ ಇದೆ: ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಬಹುತೇಕ ಸಿಗುವುದಿಲ್ಲ. ಅದು ಹಕ್ಕುಸ್ವಾಮ್ಯದ ಕಾರಣದಿಂದ. ಬೇರೆ ದಾರಿಯಲ್ಲಿ ಹಾಡು ಅಂಟಿಸಿದರೆ ವಿಡಿಯೊದ ಧ್ವನಿಯೇ ಬಂದ್ ಆಗಬಹುದು. ನಿಮ್ಮ ಕೆಲಸದ ಸದ್ದೇ ಸಾಕು, ಎಣ್ಣೆಗೆ ಬಿದ್ದ ಹಪ್ಪಳದ ಸದ್ದಿಗಿಂತ ಒಳ್ಳೆಯ ಹಿನ್ನೆಲೆ ಯಾವುದೂ ಇಲ್ಲ.

ಪೇಜಿನ ಮೇಲ್ಭಾಗದ ಪರಿಚಯದಲ್ಲಿ (ಬಯೋ) 150 ಅಕ್ಷರ ಮಾತ್ರ. ಅದರಲ್ಲಿ ಏನು ಮಾರುತ್ತೀರಿ, ಎಲ್ಲಿ, ಎಲ್ಲಿಯವರೆಗೆ ಕಳಿಸುತ್ತೀರಿ, ಇಷ್ಟು ಬರಲಿ, ಕೆಳಗೆ ವಾಟ್ಸ್‌ಆ್ಯಪ್ ಲಿಂಕ್. ವಾಟ್ಸ್‌ಆ್ಯಪ್ ಬಿಸಿನೆಸ್ ಒಳಗೆ ಶಾರ್ಟ್ ಲಿಂಕ್ ಎಂಬಲ್ಲಿ ಈ ಲಿಂಕ್ ಸಿಗುತ್ತದೆ. ಅದರೊಂದಿಗೆ "ಇನ್‌ಸ್ಟಾಗ್ರಾಂ ನೋಡಿ ಕೇಳುತ್ತಿದ್ದೇನೆ" ಎಂಬ ಸಿದ್ಧ ವಾಕ್ಯ ಸೇರಿಸಿದರೆ ಯಾರು ಎಲ್ಲಿಂದ ಬಂದರು ಎಂಬುದು ಕೇಳದೆಯೇ ತಿಳಿಯುತ್ತದೆ.

ಫೋಟೊಕ್ಕೆ ದುಬಾರಿ ಕ್ಯಾಮೆರಾ ಬೇಡ. ಮೊದಲು ಲೆನ್ಸ್ ಒರೆಸಿ. ಅಡುಗೆಮನೆಯ, ಅಂಗಡಿಯ ಮೊಬೈಲಿನ ಲೆನ್ಸಿನಲ್ಲಿ ಸದಾ ಎಣ್ಣೆಯ ಪಸೆ ಇರುತ್ತದೆ, ಫೋಟೊ ಮಸುಕಾಗಲು ಅದೇ ಕಾರಣ. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ಜಗಲಿಯಲ್ಲಿ ಅಥವಾ ಕಿಟಕಿಯ ಬಳಿ, ಬೆಳಕು ಒಂದು ಬದಿಯಿಂದ ಬರುವಂತೆ ಇಟ್ಟು, ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ನೆರಳು ತೆಳ್ಳಗಾಗುತ್ತದೆ. ಮನೆಯ ಹಳದಿ ಬಲ್ಬು ಆರಿಸಿ, ಕಿಟಕಿಯ ಬೆಳಕಿನೊಂದಿಗೆ ಅದು ಸೇರಿದರೆ ಬಣ್ಣ ಕೆಡುತ್ತದೆ. ಸೀರೆ ಮಾರುವವರಿಗೆ ಇದು ದುಡ್ಡಿನ ಪ್ರಶ್ನೆ: ಉಡುಪಿ ಕೈಮಗ್ಗದ ಸೀರೆಯ ತಿಳಿಬಣ್ಣ ಬಲ್ಬಿನಡಿ ಬೇರೆಯೇ ಕಾಣುತ್ತದೆ, ಕೈಗೆ ಬಂದ ಮೇಲೆ ಗಿರಾಕಿ ಹಿಂದಿರುಗಿಸುತ್ತಾರೆ. ಸೀರೆಗೆ ಫಿಲ್ಟರ್ ಹಾಕಲೇಬೇಡಿ, ಸೆರಗು, ಅಂಚು, ಒಡಲು ಮೂರನ್ನೂ ಬೇರೆ ಬೇರೆ ತೆಗೆಯಿರಿ. ಉಪ್ಪಿನಕಾಯಿ ಬಾಟಲಿಯ ಫೋಟೊದಲ್ಲಿ ಗಾಜಿನ ಮೇಲೆ ನಿಮ್ಮದೇ ಪ್ರತಿಬಿಂಬ ಕಾಣುತ್ತದೆ, ಸ್ವಲ್ಪ ಓರೆಯಾಗಿ ನಿಲ್ಲಿ. ಮಳೆಗಾಲದಲ್ಲಿ ಬೆಳಕು ಸಾಲದು, ಮೇ ತಿಂಗಳಲ್ಲೇ ಸಾಕಷ್ಟು ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳುವುದು ಜಾಣತನ. ತಗಡಿನ ಮಾಡಿಗೆ ಮಳೆ ಹೊಡೆಯುವಾಗ ಮಾತು ರೆಕಾರ್ಡ್ ಮಾಡಿದರೆ ಒಂದಕ್ಷರ ಕೇಳುವುದಿಲ್ಲ. ಫ್ಯಾನಿನ ಕೆಳಗೂ ಅಷ್ಟೆ.

ರೀಲ್ ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆಯಬೇಕು, ಅಳತೆ 1080 ಪಿಕ್ಸೆಲ್ ಅಡ್ಡ, 1920 ಪಿಕ್ಸೆಲ್ ಉದ್ದ. ಹಪ್ಪಳದ ಇಪ್ಪತ್ತು ಸೆಕೆಂಡಿನ ರೀಲ್ ಒಂದನ್ನು ಬಿಡಿಸಿ ನೋಡೋಣ. ಮೊದಲ ಮೂರು ಸೆಕೆಂಡು: ಹಪ್ಪಳ ಎಣ್ಣೆಯಲ್ಲಿ ಅರಳುವುದು, ಹತ್ತಿರದಿಂದ, ಸದ್ದಿನ ಸಮೇತ. ಮೇಲೆ ದೊಡ್ಡಕ್ಷರ: "ಹಲಸಿನ ಹಪ್ಪಳ, ಕಟಪಾಡಿ". ಮುಂದಿನ ಆರು ಸೆಕೆಂಡು: ಬೆಂದ ಸೊಳೆ ಅರೆಯುವುದು, ಉಂಡೆ ಒತ್ತುವುದು. ಆಮೇಲೆ ಏಳು ಸೆಕೆಂಡು: ಅಂಗಳದಲ್ಲಿ ಚಾಪೆ ತುಂಬ ಒಣಗುವ ಹಪ್ಪಳ, ಮೇಲೆ ಅಕ್ಷರದಲ್ಲಿ ಬೆಲೆ ಮತ್ತು ಎಷ್ಟು ಹಪ್ಪಳ. ಕೊನೆಯ ನಾಲ್ಕು ಸೆಕೆಂಡು: ಕಟ್ಟಿದ ಪ್ಯಾಕೆಟ್ ಕೈಯಲ್ಲಿ ಹಿಡಿದು, ಎಲ್ಲಿ ಸಿಗುತ್ತದೆ ಎಂಬ ಮಾತು. "ನಮಸ್ಕಾರ ಫ್ರೆಂಡ್ಸ್, ನಮ್ಮ ಪೇಜಿಗೆ ಸ್ವಾಗತ" ಎಂದು ಶುರು ಮಾಡಿದರೆ ಆ ಮೂರು ಸೆಕೆಂಡಿನಲ್ಲೇ ಜನ ಬೆರಳು ಸರಿಸಿ ಆಗಿರುತ್ತದೆ. ಪರದೆಯ ಕೆಳಗಿನ ಕಾಲು ಭಾಗದಲ್ಲಿ ಅಕ್ಷರ ಇಡಬೇಡಿ, ಅಲ್ಲಿ ಖಾತೆಯ ಹೆಸರು, ಕ್ಯಾಪ್ಶನ್ ಬಂದು ಮುಚ್ಚುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ಹೊಂದುವ ಸೂತ್ರ: ಮಾತು ತುಳುವಿನಲ್ಲಿ, ಪರದೆಯ ಮೇಲಿನ ಅಕ್ಷರ ಕನ್ನಡದಲ್ಲಿ. ತುಳು ಮಾತನಾಡುವವರಿಗೆ ಮನೆಯ ಧ್ವನಿ ಕೇಳಿಸುತ್ತದೆ, ತುಳು ಬಾರದವರಿಗೂ ಸದ್ದಿಲ್ಲದೆ ನೋಡುವವರಿಗೂ ವಿಷಯ ತಿಳಿಯುತ್ತದೆ. ಬ್ರಹ್ಮಾವರ ದಾಟಿ ಕುಂದಾಪುರದ ಕಡೆಯ ಗಿರಾಕಿಗಳು ಹೆಚ್ಚಿದ್ದರೆ ಕುಂದಾಪ್ರ ಕನ್ನಡದಲ್ಲೇ ಮಾತಾಡಿ. ಮಣಿಪಾಲದ ಹೊರರಾಜ್ಯದ ವಿದ್ಯಾರ್ಥಿಗಳೇ ಗಿರಾಕಿಗಳಾದರೆ ಇಂಗ್ಲಿಷ್ ಅಕ್ಷರ ಸೇರಿಸಬೇಕಾಗುತ್ತದೆ.

ಹ್ಯಾಶ್‌ಟ್ಯಾಗ್ ಮೂರರಿಂದ ಐದು ಸಾಕು, ಊರಿನ ಹೆಸರು ಮತ್ತು ವಸ್ತುವಿನ ಹೆಸರು ಇರಲಿ. ಲೊಕೇಶನ್ ಮರೆಯದೆ ಹಾಕಿ. ವಾರಕ್ಕೆ ಎರಡು ರೀಲ್, ಒಂದು ಫೋಟೊ ಪೋಸ್ಟ್, ವರ್ಷವಿಡೀ ತಪ್ಪದೆ ನಡೆಸಲು ಆಗುವಷ್ಟು ಮಾತ್ರ ಹಿಡಿದುಕೊಳ್ಳಿ. ಫೇಸ್‌ಬುಕ್ಕಿಗೆ ಪ್ರತ್ಯೇಕ ಕೆಲಸ ಬೇಕಾಗಿಲ್ಲ, ಇನ್‌ಸ್ಟಾಗ್ರಾಂ ಜೋಡಿಸಿದರೆ ಪೋಸ್ಟು ಅಲ್ಲಿಗೂ ಹೋಗುತ್ತದೆ. ಆದರೆ ಊರಿನ ಫೇಸ್‌ಬುಕ್ ಗುಂಪುಗಳಲ್ಲಿ ಐವತ್ತು ದಾಟಿದವರು, ಮುಂಬಯಿಯ ತುಳುವರು, ಗಲ್ಫಿನಲ್ಲಿರುವವರು ಇನ್ನೂ ಇದ್ದಾರೆ. ಗುಂಪಿನ ಅಡ್ಮಿನ್ ಅನುಮತಿ ಕೇಳಿಯೇ ಹಾಕಿ.

ನಮ್ಮ ಕರಾವಳಿಯ ಕ್ಯಾಲೆಂಡರ್

ಎಲ್ಲೋ ಸಿದ್ಧಪಡಿಸಿದ "ಕಂಟೆಂಟ್ ಕ್ಯಾಲೆಂಡರ್" ಇಲ್ಲಿ ನಡೆಯುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ 61 ದಿನ ತಾಜಾ ಮೀನು ಕಡಿಮೆ, ಒಣಮೀನು, ಉಪ್ಪಿನಕಾಯಿ, ಹಪ್ಪಳ ಕೇಳುವವರು ಹೆಚ್ಚು. ಆಟಿಯಲ್ಲಿ ಪತ್ರೊಡೆ, ಕಣಿಲೆ. ಜುಲೈ, ಆಗಸ್ಟಿನಲ್ಲಿ ಗಲ್ಫಿನ ಶಾಲೆಗಳಿಗೆ ರಜೆ ಇರುವುದರಿಂದ ಅಲ್ಲಿನ ಕುಟುಂಬಗಳು ಊರಿಗೆ ಬರುತ್ತವೆ, ಹಿಂದಿರುಗುವಾಗ ತಿಂಡಿ ಕೊಂಡೊಯ್ಯುತ್ತವೆ. "ಲಗೇಜಿನಲ್ಲಿ ಎಣ್ಣೆ ಸೋರದ ಪ್ಯಾಕಿಂಗ್" ಎಂಬ ಒಂದೇ ಪೋಸ್ಟು ಆಗಸ್ಟಿನ ಮೊದಲ ವಾರ ಮಾಡುವ ಕೆಲಸವನ್ನು ಬೇರೆ ಯಾವ ಪೋಸ್ಟೂ ಮಾಡದು. ಉಡುಪಿಯ ಅಷ್ಟಮಿ, ವಿಟ್ಲಪಿಂಡಿ, ಚೌತಿ, ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಮಂಗಳೂರು ದಸರಾ, ದೀಪಾವಳಿ ಬೆನ್ನುಬೆನ್ನಿಗೆ. ನವೆಂಬರಿನಿಂದ ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ, ಆಮೇಲೆ ನೇಮ, ಜಾತ್ರೆ, ಏಪ್ರಿಲ್, ಮೇಯಲ್ಲಿ ಮದುವೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, 2026ರಲ್ಲಿ ಶೀರೂರು ಮಠದ್ದು, ಮುಂದಿನದು 2028ರಲ್ಲಿ.

ಹಬ್ಬದ ದಿನ ಶುಭಾಶಯ ಹಾಕಿದರೆ ವ್ಯಾಪಾರ ಆಗುವುದಿಲ್ಲ. ಬ್ಲೌಸ್ ಹೊಲಿಯುವವರು ದಸರೆಗೆ ಒಂದೂವರೆ ತಿಂಗಳ ಮುಂಚೆ, ತಿಂಡಿಯವರು ಮೂರು ವಾರ ಮುಂಚೆ ಶುರು ಮಾಡಬೇಕು, "ಈ ತಾರೀಕಿನ ನಂತರ ಆರ್ಡರ್ ಇಲ್ಲ" ಎಂದು ಕೊನೆಯ ದಿನ ಹೇಳಬೇಕು. ಗಲ್ಫಿನವರು ಊರಿನ ಅಪ್ಪ ಅಮ್ಮನಿಗೆ ಕಳಿಸಲು ಆರ್ಡರ್ ಮಾಡುವುದು ಅವರ ಕೆಲಸ ಮುಗಿದ ಮೇಲೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ನಮ್ಮ ರಾತ್ರಿ ಒಂಬತ್ತು ಅವರಿಗೆ ಏಳೂವರೆ.

ದುಡ್ಡು ಕೊಟ್ಟು ಜಾಹೀರಾತು

ಮೇಲಿನದೆಲ್ಲ ಎರಡು ತಿಂಗಳು ನಡೆದು, ಒಂದು ರೀಲ್ ತಾನಾಗಿ ಚೆನ್ನಾಗಿ ಓಡಿದ ಮೇಲೆ ಅದೇ ರೀಲಿಗೆ ದುಡ್ಡು ಹಾಕಿ. ಯಾರೂ ನೋಡದ ಪೋಸ್ಟಿಗೆ ಹಾಕಿದರೆ ಹಣ ಕರಗುತ್ತದೆ. ಗುರಿಯಾಗಿ ಲೈಕ್, ವ್ಯೂ ಆರಿಸಬೇಡಿ, ವಾಟ್ಸ್‌ಆ್ಯಪ್ ಮೆಸೇಜು ಬರುವ ಬಗೆ ಆರಿಸಿ. ಐಫೋನಿನ ಆ್ಯಪ್ ಒಳಗಿಂದ ಬೂಸ್ಟ್ (ಪೋಸ್ಟನ್ನು ಜಾಹೀರಾತು ಮಾಡುವ ಗುಂಡಿ) ಒತ್ತಿದರೆ ಆಪಲ್‌ನ ಶುಲ್ಕ ಮೇಲಿಂದ ಸೇರುತ್ತದೆ, ಬ್ರೌಸರಿನಲ್ಲಿ ತೆರೆದು ಮಾಡಿ.

ಪ್ರದೇಶಕ್ಕೆ "ಕರ್ನಾಟಕ" ಎಂದು ಬಿಡಬೇಡಿ. ನಕ್ಷೆಯಲ್ಲಿ ಪಿನ್ ಇಟ್ಟು ಅಲ್ಲಿಂದ ಸುತ್ತ ಎಷ್ಟು ದೂರ ಎಂದು ಕೊಡಿ, ಟೈಲರಿಗೆ 5 ಕಿ.ಮೀ., ಮನೆಗೆ ತಲುಪಿಸುವವರಿಗೆ 15. ಮಂಗಳೂರಿನ ನಡುವಿನಿಂದ 25 ಕಿ.ಮೀ. ಕೊಟ್ಟರೆ ತಲಪಾಡಿ ದಾಟಿ ಕೇರಳದ ಮಂಜೇಶ್ವರವೂ ಸೇರುತ್ತದೆ. ಅಲ್ಲಿಯವರು ಮಂಗಳೂರಿಗೆ ಬಂದು ಕೊಳ್ಳುವವರಾದ್ದರಿಂದ ಬಟ್ಟೆ ಅಂಗಡಿಗೆ ಅದು ಲಾಭ, ಮನೆಗೆ ತಲುಪಿಸುವವರಿಗೆ ನಷ್ಟ.

ಲೆಕ್ಕ ಹೀಗೆ ಹಾಕಿ ನೋಡಿ. ದಿನಕ್ಕೆ 300 ರೂಪಾಯಿಯಂತೆ ಐದು ದಿನ, 1,500. ಶೇ. 18 ಜಿಎಸ್‌ಟಿ 270, ಒಟ್ಟು 1,770. ಮೂವತ್ತು ಜನ ಕೇಳಿ ಆರು ಜನ ಕೊಂಡರು, ಸರಾಸರಿ 650 ಎಂದುಕೊಂಡರೆ ಮಾರಾಟ 3,900. ಸಾಮಾನು, ಕೂಲಿ, ಪ್ಯಾಕಿಂಗ್ ಕಳೆದು ಶೇ. 40 ಉಳಿದರೆ 1,560. ಅಂದರೆ 210 ರೂಪಾಯಿ ನಷ್ಟ. ಆ ಆರರಲ್ಲಿ ಇಬ್ಬರು ಮತ್ತೊಮ್ಮೆ ಅಷ್ಟೇ ಕೊಂಡರೆ 520 ಬಂದು 310 ಲಾಭಕ್ಕೆ ತಿರುಗುತ್ತದೆ. ಒಂದೇ ಸಲ ಕೊಳ್ಳುವ ವಸ್ತುವಿಗೆ, ಲಾಭದ ಅಂಶ ಕಡಿಮೆ ಇರುವ ವಸ್ತುವಿಗೆ ಜಾಹೀರಾತು ಏಕೆ ಕೈಕಚ್ಚುತ್ತದೆ ಎಂಬುದು ಇದರಲ್ಲೇ ಕಾಣುತ್ತದೆ. ಮೂವತ್ತು ಜನ ಕೇಳಿ ಒಬ್ಬರೂ ಕೊಳ್ಳದಿದ್ದರೆ ಜಾಹೀರಾತು ನಿಲ್ಲಿಸಿ, ನಿಮ್ಮ ಉತ್ತರಗಳನ್ನು ಮತ್ತೊಮ್ಮೆ ಓದಿ.

ಇನ್‌ಫ್ಲುಯೆನ್ಸರ್‌ಗೆ ಹಣ ಕೊಡುವ ಮುಂಚೆ ಅವರ ಫಾಲೋವರ್ಸ್ ಯಾವ ಊರಿನವರು ಎಂಬ ಇನ್‌ಸೈಟ್ಸ್ ಪರದೆ ಕೇಳಿ ಪಡೆಯಿರಿ. ಲಕ್ಷ ಜನರಿದ್ದು ಮಂಗಳೂರು, ಉಡುಪಿಯವರು ಬೆರಳೆಣಿಕೆಯಷ್ಟಾದರೆ ನಿಮಗೆ ಪ್ರಯೋಜನವಿಲ್ಲ. ಹಣ ಅಥವಾ ಉಚಿತ ವಸ್ತು ಪಡೆದು ಮಾಡುವ ವಿಡಿಯೊದಲ್ಲಿ ಅದು ಜಾಹೀರಾತು ಎಂದು ಕಾಣುವಂತೆ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಎಡವುವ ಕಡೆಗಳು

ಹೆಸರಿನ ವಿಷಯದಲ್ಲಿ ಎಚ್ಚರ. ಮಟ್ಟು ಗುಳ್ಳ, ಉಡುಪಿ ಮಲ್ಲಿಗೆ, ಉಡುಪಿ ಸೀರೆ ಇವಕ್ಕೆ ಭೌಗೋಳಿಕ ಸೂಚಿ ಇದೆ. ಬೇರೆಡೆ ಬೆಳೆದ ಗುಳ್ಳಕ್ಕೆ, ಬೇರೆ ಕಡೆ ನೇಯ್ದ ಸೀರೆಗೆ ಆ ಹೆಸರು ಹಾಕಿ ಪೋಸ್ಟು ಮಾಡುವುದು ಕಾನೂನಿಗೂ ವಿರುದ್ಧ, ಅಲ್ಲಿನ ಬೆಳೆಗಾರರಿಗೂ ನೇಕಾರರಿಗೂ ಅನ್ಯಾಯ. ಎಣ್ಣೆ, ಕಷಾಯ ಮಾರುವವರು "ಮಧುಮೇಹ ಗುಣವಾಗುತ್ತದೆ" ಎಂದು ಬರೆಯಬಾರದು, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅದನ್ನು ನಿಷೇಧಿಸುತ್ತದೆ.

ಹಣ ಬಂದಿದೆ ಎಂಬ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಳಿಸಬೇಡಿ, ಬ್ಯಾಂಕ್ ಖಾತೆಯಲ್ಲೇ ನೋಡಿ. ದೊಡ್ಡ ಆರ್ಡರ್ ಎಂದು ಹೇಳಿ, ಮುಂಗಡ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರು ವಂಚಕರು. ಹಣ ಪಡೆಯಲು ಪಿನ್ ಯಾವತ್ತೂ ಬೇಡ. "ನಿಮ್ಮ ಪೇಜು ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಬಂದ್ ಆಗುತ್ತದೆ, ಇಲ್ಲಿ ಒತ್ತಿ" ಎಂದು ಇನ್‌ಬಾಕ್ಸಿಗೆ ಬರುವ ಸಂದೇಶಗಳೂ ಪಾಸ್‌ವರ್ಡ್ ಕದಿಯುವ ಬಲೆ. ವಾಟ್ಸ್‌ಆ್ಯಪ್‌ಗೆ ಆರು ಅಂಕಿಯ ಟು ಸ್ಟೆಪ್ ಪಿನ್, ಇನ್‌ಸ್ಟಾಗ್ರಾಂಗೆ ಟು ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಇವತ್ತೇ ಹಾಕಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟು ತಡೆಹಿಡಿಯುವ ಅವಕಾಶ ಹೆಚ್ಚು.

ತಿಂಗಳ ಲೆಕ್ಕ

ಒಂದು ನೋಟ್‌ಬುಕ್ ಸಾಕು. ಐದು ಕಾಲಂ: ತಾರೀಕು, ಹೇಗೆ ತಿಳಿದು ಬಂದರು, ಏನು ಕೇಳಿದರು, ಕೊಂಡರೋ ಇಲ್ಲವೋ, ಎಷ್ಟು ರೂಪಾಯಿ. ಅಂಗಡಿಗೆ ನೇರ ಬಂದವರನ್ನೂ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ ಬರೆಯಿರಿ. ತಿಂಗಳ ಕೊನೆಗೆ ಗೂಗಲ್ ಪ್ರೊಫೈಲಿನಲ್ಲಿ ಎಷ್ಟು ಕರೆ, ಎಷ್ಟು ಜನ ದಾರಿ ಕೇಳಿದರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಕೇಳಿದವರು ಬಹಳ, ಕೊಂಡವರು ಕಡಿಮೆ ಎಂದಾದರೆ ಬೆಲೆ, ತಲುಪಿಸುವ ದಿನ ಅಥವಾ ಉತ್ತರದ ವೇಗ, ಮೂರರಲ್ಲಿ ಒಂದು ಕೆಟ್ಟಿದೆ. ಕೇಳುವವರೇ ಇಲ್ಲ ಎಂದಾದರೆ ಫೋಟೊ, ರೀಲ್ ಬದಲಿಸಿ. ಒಮ್ಮೆ ಕೊಂಡವರು ಮತ್ತೆ ಬರುತ್ತಿಲ್ಲ ಎಂದಾದರೆ ಮೊಬೈಲನ್ನು ಬದಿಗಿಟ್ಟು ಕಳೆದ ತಿಂಗಳು ಕೊಂಡ ಹತ್ತು ಜನರಿಗೆ ಫೋನು ಮಾಡಿ ಹಪ್ಪಳ ಹೇಗಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಮಾಡುವ ಮೊದಲು ಅದನ್ನು ಸರಿಪಡಿಸಿ.